ಎರಡನೇ ಜ್ವರದ ಸೊಪ್ಪು

ಡಂಗುರದವನ ದನಿ ಆ ದಿನ ನಡುಗುತ್ತಿತ್ತು. "ಕೇಳ್ರಪ್ಪೋ ಕೇಳಿ. ಹೊಸದಾಗಿ ರೇಷ್ಮೆ ಹುಳ ಮೇಯಿಸೋರು ತಮ್ಮ ಮೊದಲ ಬೆಳೆ ಕೈಗೆ ಬರೋ ಮುಂಚೆ ಇನ್ನೊಂದು ಹೊಸ ಮನೆಗೆ ಸೊಪ್ಪು ಕೊಟ್ಟಿದ್ರೆ, ಕೊಟ್ಟೋರ ಮನೆಗೂ ಇಸ್ಕೊಂಡೋರ ಮನೆಗೂ ನಾಡಿದ್ದು ಬೆಂಕಿ. ರಾಣಿ ಪುಟ್ಟಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದೋರಿಗೆ ಅರಮನೆಯ ಹಿಪ್ಪುನೇರಳೆ ತೋಟ, ಸೊಪ್ಪಿನ ವಿಚಾರದಾಗೆ ಇನ್ಮೇಲೆ ಗೆದ್ದೋರು ಹೇಳಿದ್ದೇ ಕಟ್ಟಳೆ. ತಪ್ಪಿದೋರ ತಲೆ ಉಳಿಯಾಕಿಲ್ಲ."

ಸೊಪ್ಪು ಕೊಯ್ಯುತ್ತಿದ್ದ ಸಣ್ಣೀರ ಕುಕ್ಕೆ ಕೆಳಗಿಟ್ಟ. ಅವನದು ಮೊದಲ ಬೆಳೆ. ಪಕ್ಕದ ಮನೆಯ ದೇವೀರಕ್ಕನದೂ ಮೊದಲ ಬೆಳೆಯೇ, ಅವಳ ತೋಟ ಬಡಕಲು. ಹತ್ತು ದಿನದ ಹಿಂದೆ ಅವನು ಎಂಟು ಕುಕ್ಕೆ ಸೊಪ್ಪು ಕೊಟ್ಟಿದ್ದ. ಗೂಡು ಬಿಡಿಸಿದಾಗ ನಾಲ್ಕರಲ್ಲೊಂದು ಪಾಲು ಅವನಿಗೆ ಎಂದು ಮಾತಾಗಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ, ಮುಚ್ಚಿಡುವುದೆಲ್ಲಿಂದ ಬಂತು? ದೇವೀರಕ್ಕನ ಮನೆ ಸುಟ್ಟರೆ ಅವಳಿಗೆ ಬೀದಿಯೇ ಗತಿ. ಒಗಟು ಬಿಡಿಸಿ ಕಟ್ಟಳೆ ಬದಲಿಸುವುದಲ್ಲದೆ ಬೇರೆ ದಾರಿ ಕಾಣದೆ ಅವನು ಅರಮನೆಗೆ ಹೊರಟ.

ಅಲ್ಲಿ ಅವನಿಗಿಂತ ಮುಂದೆ ಮೂವರು ನಿಂತಿದ್ದರು. ಪಟೇಲ, ದಳವಾಯಿಯ ಮಗ, ಆಸ್ಥಾನದ ಪಂಡಿತ. ತೋಟದ ಆಸೆಗೆ ಬಂದವರು. ಪಟೇಲ ಆಗಲೇ ತೋಟಕ್ಕೆ ಆಳು ಗೊತ್ತುಮಾಡಿಯೂ ಆಗಿತ್ತಂತೆ. ಬಾಗಿಲ ಬಳಿ ಕತ್ತಿ ಹಿಡಿದವನೊಬ್ಬ ಯಾರ ಮುಖವನ್ನೂ ನೋಡದೆ ನಿಂತಿದ್ದ.

"ಕಣ್ಣಿಗೆ ಮಿಕ್ಕಿದ್ದು ಅನ್ನಿಸುತ್ತದೆ, ಎತ್ತಿಕೊಟ್ಟರೆ ಮನೆ ಉಪವಾಸ. ಏನದು?" ಎಂದಳು ರಾಣಿ.

ಬಿತ್ತನೆ ಕಾಳು ಎಂದ ಪಟೇಲ. ಬಿತ್ತನೆ ಕಾಳನ್ನು ಮಿಕ್ಕಿದ್ದು ಅಂದುಕೊಳ್ಳುವ ದಡ್ಡ ಯಾರೂ ಇಲ್ಲ ಎಂದು ರಾಣಿ ಕೈಯೆತ್ತಿದಳು. ಅವನನ್ನು ಹೊರಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಕತ್ತಿಯವನು ಒಬ್ಬನೇ ಬಂದ. ಉಳಿದಿಬ್ಬರು ಹಿಂದೆ ಸರಿದು ಸಣ್ಣೀರನಿಗೆ ಜಾಗ ಬಿಟ್ಟರು.

"ಎರಡನೇ ಜ್ವರದಾಗೆ ತೋಟದಲ್ಲಿರೋ ಸೊಪ್ಪು, ತಾಯಿ" ಎಂದ ಸಣ್ಣೀರ. ಹುಳ ಪೊರೆ ಬಿಡಲು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಎರಡನೆಯದರಲ್ಲಿ ಹುಳ ಚಿಕ್ಕದು, ತೋಟ ತುಂಬಿದಂತೆ ಕಾಣುತ್ತದೆ. ನಾಲ್ಕನೆಯದರಿಂದ ಎದ್ದ ಹುಳಕ್ಕೆ ಆ ಪೂರ್ತಿ ತೋಟವೂ ಸಾಲದು.

"ನಿನಗೆ ಹೇಗೆ ಗೊತ್ತು?"

"ಕೊಟ್ಟೋನು ನಾನೇ. ಈಗ ನನ್ನ ಹುಳ ಹಸಕೊಂಡವೆ."

ಕತ್ತಿಯವನು ಒಂದು ಹೆಜ್ಜೆ ಮುಂದೆ ಬಂದ. ಒಗಟು ಮುಗಿಯಲಿ ಎಂದಳು ರಾಣಿ, ಮತ್ತೆ ಕೇಳಿದಳು: "ಪ್ರೀತಿ ಹೊತ್ತ ಕಾಲಿನಲ್ಲೇ ಬರುತ್ತದೆ, ಎರಡು ಮನೆ ಹಾಳುಮಾಡುತ್ತದೆ. ಏನದು?"

ದಳವಾಯಿಯ ಮಗ ಹೊಟ್ಟೆಕಿಚ್ಚು ಎಂದ, ಅವನ ಕತೆಯೂ ಮುಗಿಯಿತು. ಸಣ್ಣೀರ ತಡವರಿಸದೆ ಹೇಳಿದ: "ಹುಳದ ರೋಗ. ಸಹಾಯಕ್ಕೆ ಅಂತ ಈ ಮನೆಯಿಂದ ಆ ಮನೆಗೆ ಓಡಾಡ್ತೀವಲ್ಲ, ನಮ್ಮ ಪಾದಕ್ಕೇ ಅಂಟಿಕೊಂಡು ಬತ್ತದೆ."

ರಾಣಿಯ ಮುಖ ಬಿಳುಚಿತು. ಮೂರನೆಯದನ್ನು ಮೆಲ್ಲನೆ ಕೇಳಿದಳು. "ಕೊಟ್ಟರೂ ಕಡಿಮೆಯಾಗದು, ಇಟ್ಟುಕೊಂಡರೆ ಹಳಸುತ್ತದೆ. ಗೆದ್ದವನ ಹತ್ತಿರ ಇರುವುದಿಲ್ಲ, ಇನ್ನೂ ಒದ್ದಾಡುವವನ ಹತ್ತಿರವೇ ಇರುತ್ತದೆ."

ಪಂಡಿತ ನಿಟ್ಟುಸಿರುಬಿಟ್ಟು ನಕ್ಕ. ವಿದ್ಯೆ ಎಂದ. ಪಾಪ, ಓದಿದವನಿಗೆ ಅದಲ್ಲದೆ ಇನ್ನೇನು ಹೊಳೆದೀತು? ವಿದ್ಯೆ ಹಳಸುವುದಿಲ್ಲ ಎಂದು ರಾಣಿ ಹೇಳುವಷ್ಟರಲ್ಲಿ ಅವನಿಗೂ ಅದು ಹೊಳೆದಿತ್ತು, ಆದರೆ ಹೊತ್ತು ಮೀರಿತ್ತು.

"ನೆನ್ನೆ ಮಾಡಿದ ತಪ್ಪು, ತಾಯಿ" ಎಂದ ಸಣ್ಣೀರ. ಒದ್ದೆ ಸೊಪ್ಪು ಹಾಕಿ ಅವನು ಒಂದು ತಟ್ಟೆ ಹುಳ ಕಳೆದುಕೊಂಡಿದ್ದ. ಅಂದೇ ಬೇಲಿ ಪಕ್ಕದಲ್ಲಿ ನಿಂತು ದೇವೀರಕ್ಕನಿಗೆ ಹೇಳಿದ್ದಕ್ಕೆ ಅವಳ ಹುಳ ಉಳಿದವು. ಹತ್ತು ಬೆಳೆ ತೆಗೆದವರು ಇಂಥದ್ದನ್ನೆಲ್ಲ ಮರೆತಿರುತ್ತಾರೆ.

ರಾಣಿ ಎಲ್ಲರನ್ನೂ ಹೊರಗೆ ಕಳಿಸಿದಳು. "ಅರಮನೆಗೆ ಬರುವ ಮುಂಚೆ ನಾನೂ ನನ್ನ ತಂಗಿಯೂ ಒಂದೇ ಹೊತ್ತಿಗೆ ಹೊಸದಾಗಿ ಹುಳ ಇಟ್ಟಿದ್ದೆವು. ನನ್ನ ಮನೆಗೆ ರೋಗ ಹೊಕ್ಕಿದ್ದು ತಿಳಿಯದೆ ದಿನವೂ ಹೋಗಿ ಅವಳ ತಟ್ಟೆ ನೋಡಿಕೊಂಡು ಬರುತ್ತಿದ್ದೆ. ಎರಡೂ ಮನೆಯ ಹುಳವೆಲ್ಲ ಸತ್ತವು. ಅವಳು ಬಾವಿಗೆ ಬಿದ್ದಳು. ಹೇಳು, ನಾನು ಹೋಗಬಾರದಿತ್ತೆ?"

ಸಣ್ಣೀರನಿಗೆ ಹೆದರಿಕೆ ಹೋಗಿ ಸಂಕಟವಾಯಿತು. "ಹೋಗಲೇಬೇಕಿತ್ತು ತಾಯಿ. ಕಾಲು ತೊಳಕೊಂಡು ಹೋಗಬೇಕಿತ್ತು, ಅಷ್ಟೇಯ." ಗೆದ್ದ ಅವನು ಹೇಳಿದ ಕಟ್ಟಳೆಯೂ ಅಷ್ಟೇ ಚಿಕ್ಕದು. ಹೊಸದಾಗಿ ಹುಳ ಮೇಯಿಸುವವನು ತನ್ನ ಹುಳದ ಕೊನೆಯ ಹಸಿವಿಗೆ ಬೇಕಾದದ್ದನ್ನು ಎತ್ತಿಟ್ಟು, ಮಿಕ್ಕರೆ ಸೊಪ್ಪು ಕೊಡಲಿ. ಮಿಕ್ಕದಿದ್ದರೆ ತನ್ನ ತಪ್ಪನ್ನಾದರೂ ಹೇಳಲಿ.

ರಾಣಿ ಬೆಂಕಿಯ ಆಜ್ಞೆ ಹಿಂತೆಗೆದುಕೊಂಡು ತೋಟದ ಪತ್ರ ತರಿಸಿದಳು. ತೋಟ ಆಮೇಲೆ ಕೊಡಿ, ಮೊದಲು ಇವತ್ತಿನ ಸೊಪ್ಪು ಕೊಡಿ ಎಂದು ಅವನು ಬೇಡಿಕೊಂಡ. ಹೊತ್ತು ಮುಳುಗುವ ಮುಂಚೆ ಎರಡು ಗಾಡಿ ಸೊಪ್ಪು ಊರು ಸೇರಿತು. ದೇವೀರಕ್ಕನ ಹುಳ ಪೂರ್ತಿ ಗೂಡು ಕಟ್ಟಿದವು, ಹಸಿದು ಸೊರಗಿದ್ದ ಅವನವು ಅರ್ಧ ಮಾತ್ರ. ರಾಣಿ ಅಂದಿನಿಂದ ಯಾರಿಗೂ ಒಗಟು ಹಾಕಲಿಲ್ಲವಂತೆ. ತಲೆ ಹೋದ ಆ ಮೂವರ ಮನೆಯವರಿಗೆ ಅವಳು ಏನು ಹೇಳಿದಳೋ, ಅದನ್ನು ಮಾತ್ರ ಯಾರೂ ನನಗೆ ಹೇಳಲಿಲ್ಲ.