ಒಂದೇ ಹಾಸಿನ ಎರಡು ಮೇಜು

ಸಂತರೆಂದರೆ ಕಾವಿಯನ್ನೋ ಜಟೆಯನ್ನೋ ಹುಡುಕುವ ಕಣ್ಣು ನಮ್ಮದು. ಪೂಜ್ಯ ಟೋಬಿಯಾಸರು ಎದುರಿಗೆ ಬಂದಿದ್ದರೆ, ಯಾವುದೋ ಕುದುರೆ ಲಾಯದ ಆಳಿರಬೇಕೆಂದು ನಾವು ದಾಟಿ ಹೋಗುತ್ತಿದ್ದೆವು. ಅಂಚು ಸವೆದ ಹುಲ್ಲಿನ ಟೋಪಿ, ಗುಂಡಿಯಿಲ್ಲದ ಕಪ್ಪು ಕೋಟು, ಎದೆಯವರೆಗೆ ಇಳಿದ ಬಿಳಿ ಗಡ್ಡ, ಮೀಸೆ ಮಾತ್ರ ಇಲ್ಲ. ಅಮೆರಿಕದ ಒಹಾಯೊ ಸೀಮೆಯ ಒಂದು ಪುಟ್ಟ ಒಕ್ಕಲುತನದ ಊರಿನಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಥಕ್ಕೆ ಅವರು ಗುರುಗಳು. ಗುರುಪಟ್ಟ ಚೀಟಿ ಎತ್ತಿದಾಗ ಬಂದದ್ದು. ಅದಕ್ಕೆ ಸಂಬಳವಿಲ್ಲ, ಪೀಠವಿಲ್ಲ, ಗುಡಿಯೂ ಇಲ್ಲ. ವಾರವೆಲ್ಲ ಹಸು ಕರೆದು, ಹೊಲ ಉತ್ತು, ಭಾನುವಾರ ಯಾರದೋ ಮನೆಯ ಪಡಸಾಲೆಯಲ್ಲಿ ನಿಂತು ಉಪದೇಶ ಮಾಡುತ್ತಿದ್ದರು.

ಅದೇ ಊರಿನಲ್ಲಿ ಮೆನ್ನೊನೈಟರೂ ಇದ್ದರು. ಎರಡೂ ಪಂಥಗಳು ಒಂದೇ ಬಳ್ಳಿಯ ಕುಡಿಗಳು. ಯಾರ ಮೇಲೂ ಕೈ ಎತ್ತಬಾರದು, ಬುದ್ಧಿ ಬಲಿತ ಮೇಲೆಯೇ ದೀಕ್ಷೆ ಪಡೆಯಬೇಕು ಎನ್ನುವುದು ಇಬ್ಬರಿಗೂ ಒಂದೇ. ಆದರೆ ಮೆನ್ನೊನೈಟರು ಕಾರು, ಟ್ರ್ಯಾಕ್ಟರು, ಕರೆಂಟು ಎಲ್ಲಕ್ಕೂ ಬಾಗಿಲು ತೆರೆದಿದ್ದರು. ಆಮಿಶರು ಕುದುರೆಗಾಡಿ, ಸೀಮೆಎಣ್ಣೆ ದೀಪಗಳನ್ನು ಬಿಟ್ಟಿರಲಿಲ್ಲ. ನಾನು ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಡಾಂಬರು ರಸ್ತೆಯ ಮೇಲೆ ಗೊರಸಿನ ಸದ್ದು ಕೇಳಿಯೇ ಬೆಳಗಾಗುತ್ತಿತ್ತು. ಆ ಸದ್ದನ್ನು ನೆನೆದರೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಈ ಪ್ರಸಂಗವನ್ನು ನನಗೆ ಹೇಳಿದವನು ಮಾಹ್ಲನ್ ಎಂಬ ಬಡಗಿ, ಅವನ ಮುಪ್ಪಿನಲ್ಲಿ, ಅವನ ಅಡುಗೆಮನೆಯಲ್ಲಿ ಕೂತು.

ಮಾಹ್ಲನ್ ಹುಟ್ಟಿದ್ದು ಆಮಿಶರ ಮನೆಯಲ್ಲಿ, ದೀಕ್ಷೆ ಪಡೆದದ್ದೂ ಅಲ್ಲೇ. ಆಮೇಲೆ ಮೆನ್ನೊನೈಟರ ಲಿಡಿಯಾಳನ್ನು ಮೆಚ್ಚಿ ಮದುವೆಯಾಗಿ ಆ ಕಡೆಯವನಾದ, ಲಾರಿಯನ್ನೂ ಕೊಂಡ. ದೀಕ್ಷೆಯ ಮಾತು ಮುರಿದವನಿಗೆ ಆಮಿಶರಲ್ಲಿ ಬಹಿಷ್ಕಾರ. ಯಾರೂ ಬೈಯುವುದಿಲ್ಲ, ಕಂಡರೆ ಮಾತಾಡಿಸುತ್ತಾರೆ. ಆದರೆ ಅವನೊಡನೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ, ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಸಭೆಯ ಆ ತೀರ್ಮಾನವನ್ನು ಕಣ್ಣೀರಿಡುತ್ತ ಸಾರಿದವರೂ ಟೋಬಿಯಾಸರೇ. ಪಂಕ್ತಿಭೇದ ಕಂಡು ಬೆಳೆದ ನಮಗೆ ಇದು ಹೊಸದೇನಲ್ಲ. ನನಗಂತೂ ಈ ನಿಯಮ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸದು. ಅವನ ವಿಧವೆ ತಾಯಿ ಬಾರ್ಬರಾ, ಮಗ ಬಂದರೆ ಮೂಲೆಯ ಸಣ್ಣ ಮೇಜಿನಲ್ಲಿ ಬಡಿಸಿ, ತಾವು ಒಲೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಆ ಬೆನ್ನು ನೋಡುತ್ತ ಉಣ್ಣಲಾರದೆ ಅವನು ತಾಯಿಯ ಮನೆಗೆ ಹೋಗುವುದನ್ನೇ ಬಿಟ್ಟ.

ಹೀಗಿರುವಾಗ ಒಂದು ಬೇಸಿಗೆ ಸಿಡಿಲು ಬಡಿದು ಗುರುಗಳ ಕೊಟ್ಟಿಗೆ ಹುಲ್ಲಿನ ಸಮೇತ ಬೂದಿಯಾಯಿತು. ಅಲ್ಲಿಯದು ಮಾಳಿಗೆ ಮನೆಯಷ್ಟು ಎತ್ತರದ ಕೊಟ್ಟಿಗೆ. ಆದರೂ ಯಾರದಾದರೂ ಸುಟ್ಟರೆ ನಮ್ಮ ಮುಯ್ಯಾಳಿನ ಹಾಗೆ ಊರಿಗೆ ಊರೇ ಬಂದು ಹೊತ್ತು ಮುಳುಗುವುದರೊಳಗೆ ಹೊಸದನ್ನು ನಿಲ್ಲಿಸುತ್ತದೆ. ಮಾಹ್ಲನ್ ಕೂಡ ಲಾರಿಯಲ್ಲಿ ಮರ ತುಂಬಿಕೊಂಡು ಹೊರಟ. ಹೊರಡುವಾಗ ಹೆಂಡತಿಗೆ ಹೇಳಿದ: “ಇವತ್ತು ಊರೆಲ್ಲ ಸೇರಿರುತ್ತೆ. ಅಲ್ಲೂ ನನ್ನನ್ನ ಮೂಲೇಲಿ ಕೂರಿಸಿದ್ರೆ ನಾಳೆನೇ ಸಾಮಾನು ಕಟ್ಟೋಣ. ಪಶ್ಚಿಮದ ಕಡೆ ಎಲ್ಲಾದ್ರೂ ಹೋಗಿಬಿಡೋಣ. ಅಮ್ಮನ ಮುಖಾನೂ ಇನ್ನು ನೋಡಲ್ಲ.”

ಬೆಳಗೆಲ್ಲ ಅವನು ತೊಲೆಯ ಮೇಲೆ ಕೂತು ಮೊಳೆ ಹೊಡೆದ. ಪಕ್ಕದವನಿಗೆ ಸುತ್ತಿಗೆ ಬೇಕಾದರೆ ಇವನು ಅದನ್ನು ತೊಲೆಯ ಮೇಲಿಟ್ಟು ಕೈ ತೆಗೆಯಬೇಕು. ಆಮೇಲೆ ಅವನು ಎತ್ತಿಕೊಳ್ಳಬೇಕು. ಮಧ್ಯಾಹ್ನ ಊಟದ ಗಂಟೆಯಾಯಿತು. ಪ್ರಾರ್ಥನೆಯ ಬೆಂಚುಗಳನ್ನೇ ಜೋಡಿಸಿ ಅಂಗಳದಲ್ಲಿ ಉದ್ದನೆಯ ಮೇಜು ಮಾಡಿದ್ದರು. ದೂರದಲ್ಲಿ, ನೀರಿನ ಪಂಪಿನ ಹತ್ತಿರ, ಒಂಟಿ ತಟ್ಟೆಯಿದ್ದ ಸಣ್ಣದೊಂದು ಮೇಜು. ಅದನ್ನು ಕಂಡದ್ದೇ ಮಾಹ್ಲನ್ ಹತಾರದ ಚೀಲ ಹೆಗಲಿಗೆ ಹಾಕಿ ಲಾರಿಯ ಕಡೆ ನಡೆದ. ರೊಟ್ಟಿಯ ತಟ್ಟೆ ಹಿಡಿದು ಬಡಿಸಲು ನಿಂತಿದ್ದ ತಾಯಿ ಅದನ್ನು ನೋಡಿದರು.

ಮರದ ಪುಡಿ ಮೆತ್ತಿದ ಗಡ್ಡದಲ್ಲೇ ಟೋಬಿಯಾಸರು ಪಂಪಿನ ಹತ್ತಿರ ಬಂದರು. ಸಣ್ಣ ಮೇಜಿನ ಒಂದು ತುದಿಗೆ ಕೈ ಹಾಕಿ, “ಮಾಹ್ಲನ್, ಆ ಕಡೆ ಸ್ವಲ್ಪ ಹಿಡಿಯಪ್ಪ” ಎಂದರು.

ಮುದುಕರು ಒಬ್ಬರೇ ಎತ್ತಲು ಹೆಣಗುತ್ತಿರುವುದನ್ನು ನೋಡಿ ಅವನು ಚೀಲ ಇಳಿಸಿ ಬಂದು ಹಿಡಿದ. ಇಬ್ಬರೂ ಹೊತ್ತು ತಂದು ಅದನ್ನು ದೊಡ್ಡ ಮೇಜಿನ ತಲೆಗೆ ಇಟ್ಟರು. ಗುರುಗಳು ಮೊಣಕಾಲಿನಿಂದ ಇನ್ನಷ್ಟು ತಳ್ಳಿದರು. ಎರಡರ ನಡುವೆ ಒಂದು ಬೆರಳಿನ ಸಂದು ಉಳಿಯಿತು.

ಏನಸ್ ಎಂಬ ಹಿರಿಯ, ನಿಯಮವೆಂದರೆ ಪ್ರಾಣ ಬಿಡುವವರು, ಎದ್ದು ನಿಂತರು. “ಗುರುಗಳೇ, ನಿಯಮ ಏನಾಯ್ತು?”

ಟೋಬಿಯಾಸರು ಸಂದಿನೊಳಗೆ ತಮ್ಮ ತೋರುಬೆರಳನ್ನು ಇಳಿಸಿ ತೋರಿಸಿದರು. “ಅಂತರ ಇರಬೇಕು ಅಂತ ನಿಯಮ. ಇದೆಯಲ್ಲ! ಎಷ್ಟಿರಬೇಕು ಅಂತ ಯಾರು ಹೇಳಿದ್ದಾರೆ?”

ಆಮೇಲೆ ಒಳಗಿಂದ ಬಿಳಿಯ ಹಾಸು ತರಿಸಿ ಎರಡೂ ಮೇಜಿನ ಮೇಲೆ ತಾವೇ ಹರಡಿದರು. ಸಂದು ಕಾಣದಾಯಿತು. ಗಂಡಸರ ಊಟದ ನಂತರ ಹೆಂಗಸರದು ಅಲ್ಲಿಯ ರೂಢಿ. ಅದನ್ನೂ ಬದಿಗಿಟ್ಟು, ಬೆಂಚಿನ ತುದಿ ತೋರಿಸಿ, “ಬಾರ್ಬರಾ, ಇಲ್ಲಿ ಕೂತ್ಕೊಳ್ಳಮ್ಮ” ಎಂದರು. ತಾಯಿ ಕೂತರು. ಸಂದಿನ ಈಚೆ, ಸಣ್ಣ ಮೇಜಿಗೆ ಮಗ ಕೂತ. ಎಲ್ಲರೂ ತಲೆ ಬಾಗಿಸಿ ಮೌನವಾಗಿ ಪ್ರಾರ್ಥಿಸಿದರು.

ತಾಯಿಯ ಕೈಯಲ್ಲಿ ರೊಟ್ಟಿಯ ತಟ್ಟೆ ಇನ್ನೂ ಹಾಗೇ ಇತ್ತು. ಬೆರಳಿನಿಂದ ಹಾಸಿನ ಮೇಲೆ ತಡವಿ, ಸಂದು ಎಲ್ಲಿದೆಯೆಂದು ಹುಡುಕಿ, ತಟ್ಟೆಯನ್ನು ಸರಿಯಾಗಿ ಅದರ ಮೇಲಿಟ್ಟರು. ಅರ್ಧ ಈ ಮೇಜಿನಲ್ಲಿ, ಅರ್ಧ ಆ ಮೇಜಿನಲ್ಲಿ. ಮಾಹ್ಲನ್ ಒಂದು ರೊಟ್ಟಿ ತೆಗೆದು ಮುರಿದು, ಅರ್ಧವನ್ನು ತಟ್ಟೆಗೇ ಇಟ್ಟು ಕೈ ತೆಗೆದ. ತಾಯಿ ಆ ತುಂಡನ್ನು ಎತ್ತಿಕೊಂಡು ತಿಂದರು. ಅಳುತ್ತಲೇ ತಿಂದರು. ಸ್ವಲ್ಪ ಹೊತ್ತಾದ ಮೇಲೆ ಆಚೆಯಿಂದ ಒಂದು ಒರಟು ಕೈ ಅದೇ ತಟ್ಟೆಗೆ ಬಂತು. ಅದು ಏನಸರ ಕೈ.

ಮಾಹ್ಲನ್ ಊರು ಬಿಡಲಿಲ್ಲ. ಬಹಿಷ್ಕಾರ ಕೊನೆಯವರೆಗೂ ಹೋಗಲಿಲ್ಲ, ಅವನ ಸಿಟ್ಟು ಮಾತ್ರ ಅಂದೇ ಹೋಯಿತು. ತಾಯಿ ಬಂದು ಉಣ್ಣಲೆಂದು ತನ್ನ ಅಡುಗೆಮನೆಗೆ ಒಂದೇ ಎತ್ತರದ ಎರಡು ಮೇಜು ಮಾಡಿ, ನಡುವೆ ಒಂದು ಬೆರಳಿನ ಸಂದು ಬಿಟ್ಟು ಇಟ್ಟ. ಅವರು ತೀರಿಕೊಳ್ಳುವವರೆಗೂ ಭಾನುವಾರದ ಊಟ ಅಲ್ಲೇ.

ನಾನು ಹೋದಾಗ ತಾಯಿಯೂ ಇರಲಿಲ್ಲ, ಟೋಬಿಯಾಸರೂ ಇರಲಿಲ್ಲ. ಮೇಜುಗಳು ಹಾಗೆಯೇ ಇದ್ದವು, ನಡುವೆ ಆ ಸಂದು, ಮೇಲೆ ಒಂದೇ ಹಾಸು. ಇನ್ನು ಯಾರಿಗಾಗಿ ಇದು, ಕೂಡಿಸಬಾರದೇ ಎಂದು ಕೇಳಿದೆ.

“ಗುರುಗಳು ಬೆರಳಿಟ್ಟು ತೋರಿಸಿದ ಅಂತರ ಅದು” ಎಂದ ಮಾಹ್ಲನ್. “ಮುಚ್ಚೋಕೆ ಮನಸ್ಸು ಬರಲ್ಲ.”

ಹಾಗೆನ್ನುತ್ತ ಹಾಸಿನ ಮೇಲೆ ತಡವಿ, ರೊಟ್ಟಿಯ ತಟ್ಟೆಯನ್ನು ಆ ಸಂದಿನ ಮೇಲಿಟ್ಟು ಕೈ ತೆಗೆದ. ನಾನು ಒಂದು ರೊಟ್ಟಿ ಎತ್ತಿಕೊಂಡು ಕಣ್ಣಿಗೊತ್ತಿ ತಿಂದೆ.