ಮತ್ತಿ ಮರ ಮತ್ತು ಚಾಮರದ ಹುಲ್ಲು

ಬೇಸಿಗೆಗೆ ಎಲೆ ಉದುರಿಸುವ ಒಂದು ಕಾಡಿನಲ್ಲಿ, ಹಳ್ಳದ ಪಕ್ಕದಲ್ಲಿ, ಒಂದು ಹಳೆಯ ಮತ್ತಿ ಮರವಿತ್ತು. ಅದರ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಬಿರಿದಿತ್ತು. ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿ ಮರ ಅದು. ಆ ಮರದ ಮೇಲೆ ಒಂದು ಮುದಿ ಮುಸುವ ತನ್ನ ಬಳಗದೊಡನೆ ವಾಸವಾಗಿತ್ತು. ಮುಸುವ ಎಂದರೆ ಕರಿ ಮುಖದ, ಉದ್ದ ಬಾಲದ ಕೋತಿ. ಕಾಡಿನವರೆಲ್ಲ ಅವಳನ್ನು ಬೂದಜ್ಜಿ ಎಂದು ಕರೆಯುತ್ತಿದ್ದರು.

ಬೂದಜ್ಜಿಗೆ ಒಬ್ಬಳು ಗೆಳತಿ ಇದ್ದಳು. ಹೊನ್ನಿ ಎಂಬ ಚುಕ್ಕೆ ಜಿಂಕೆ. ಅಜ್ಜಿ ಮೇಲೆ ಕೂತು ಚಿಗುರು ಕೀಳುತ್ತಿದ್ದಳು. ಅರ್ಧ ತಿಂದು ಅರ್ಧ ಕೆಳಗೆ ಬಿಡುತ್ತಿದ್ದಳು. ಹೊನ್ನಿಯೂ ಅವಳ ಹಿಂಡೂ ಅದನ್ನು ಮೇಯುತ್ತಿದ್ದರು. ಚಿರತೆ ಬಂದರೆ ಅಜ್ಜಿ "ಖಕ್ಕ್! ಖಕ್ಕ್!" ಎಂದು ಕೂಗುತ್ತಿದ್ದಳು. ಕೂಗು ಕೇಳಿದ ಕೂಡಲೇ ಜಿಂಕೆಗಳು ಓಡುತ್ತಿರಲಿಲ್ಲ. ಮೊದಲು ತಲೆಯೆತ್ತಿ ಅಜ್ಜಿಯ ಮುಖ ನೋಡುತ್ತಿದ್ದವು. ಅಜ್ಜಿ ಯಾವ ಕಡೆ ಮುಖ ಮಾಡಿದ್ದಾಳೋ ಅಪಾಯ ಆ ಕಡೆ. ಅದಕ್ಕೆ ಬೆನ್ನು ಹಾಕಿ ಓಡಬೇಕು. ಇದು ಆ ಹಿಂಡಿನ ವಾಡಿಕೆ. ಹೊನ್ನಿ ಇದನ್ನು ತನ್ನ ತಾಯಿಯಿಂದ ಕಲಿತಿದ್ದಳು.

ಒಂದು ವರ್ಷ ಹೊನ್ನಿ ಮುಪ್ಪಾಗಿ ತೀರಿಕೊಂಡಳು. ಒಂದು ಸಂಜೆ ಹಳ್ಳದ ದಂಡೆಯಲ್ಲಿ ಮಲಗಿದವಳು ಏಳಲಿಲ್ಲ. ಅಂದಿನಿಂದ ಅಜ್ಜಿ ಮಾತು ಕಡಿಮೆ ಮಾಡಿದಳು. ಬೆಳಗಾದರೆ ಅವಳ ಕಣ್ಣು ತಾನಾಗಿ ಮರದ ಬುಡಕ್ಕೆ ಹೋಗುತ್ತಿತ್ತು. ಒಂದು ಕ್ಷಣ ಹೊನ್ನಿ ಅಲ್ಲಿ ನಿಂತಂತೆಯೇ ಅನ್ನಿಸುತ್ತಿತ್ತು. ನೋಡಿದರೆ ಮಂಜು. ಹಿಂಡಿಗೆ ಈಗ ಹೊನ್ನಿಯ ಮಗಳು ಎಳಚಿ ಹಿರಿಯಳು. ಎಳಚಿಗೊಂದು ಪುಟ್ಟ ಮರಿ ಇತ್ತು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಹಳ್ಳದಾಚೆಯ ಮೂಡಣ ಬಯಲಿನಲ್ಲಿ ಒಂದು ಹೊಸ ಹುಲ್ಲು ಎದ್ದಿತು. ಮರವೇ ಇಲ್ಲದ ಯಾವುದೋ ಮಹಾ ಬಯಲು ನಾಡಿನಿಂದ ಯಾರೋ ಅದನ್ನು ತಂದು, ಕಾಡಂಚಿನ ಬಂಗಲೆಯ ಮುಂದೆ ಅಂದಕ್ಕೆಂದು ನೆಟ್ಟಿದ್ದರಂತೆ. ಬಂಗಲೆ ಬಿದ್ದುಹೋಯಿತು. ಬೀಜ ಗಾಳಿಯಲ್ಲಿ ಹಾರಿ ಬಂದಿತು. ಹುಲ್ಲು ಆಳೆತ್ತರ ಬೆಳೆಯಿತು. ತುದಿಯಲ್ಲಿ ಬೆಳ್ಳಿ ಬಣ್ಣದ ಕುಚ್ಚುಗಳು, ಅರಸನಿಗೆ ಬೀಸುವ ಚಾಮರದ ಹಾಗೆ.

ಹುಲ್ಲನ್ನು ಕಂಡು ಎಲ್ಲರಿಗಿಂತ ಹೆಚ್ಚು ಹಿಗ್ಗಿದ್ದು ನರಿ. ಎಳಚಿಯ ಮರಿಯ ಮೇಲೆ ಅದಕ್ಕೆ ಬಹಳ ದಿನದಿಂದ ಕಣ್ಣಿತ್ತು. ಆದರೆ ಮರದ ಹತ್ತಿರ ಸುಳಿದರೆ ಸಾಕು, ಮೇಲಿಂದ "ಖಕ್ಕ್!" ಎನ್ನುವ ಕೂಗು. ಈ ಮುದುಕಿಯ ಕಣ್ಣು ತಪ್ಪಿಸುವುದು ಹೇಗೆ ಎಂದು ಯೋಚಿಸಿ ಯೋಚಿಸಿ ನರಿ ಸೋತಿತ್ತು.

ಚೈತ್ರ ಬಂತು. ಮತ್ತಿ ಮರ ಎಲೆ ಉದುರಿಸಿ ಬರಿಮೈಯಲ್ಲಿ ನಿಂತಿತು. ನರಿ ಹಳ್ಳದಾಚೆ ದೂರದಲ್ಲೇ ನಿಂತು ಕೈಮುಗಿಯಿತು.

"ಹೆದರಬೇಡ ತಂಗೀ ಎಳಚಿ. ನಾನು ಮಾಂಸ ಬಿಟ್ಟೆ. ಈಗ ಬರೀ ಏಡಿ, ಬೋರೆಹಣ್ಣು. ನಿನ್ನ ಮರಿ ಬಿಸಿಲಲ್ಲಿ ಬಾಡುವುದನ್ನು ನೋಡಲಾರದೆ ಬಂದೆ."

"ಅಷ್ಟು ಮರುಕವಿದ್ದರೆ ಅಲ್ಲೇ ನಿಂತು ಹೇಳಣ್ಣ," ಎಂದಳು ಎಳಚಿ.

"ಹೇಳುವುದೇನು? ನೀನೇ ತೂಗಿ ನೋಡು. ಈ ಮರಕ್ಕೇನಿದೆ? ಮೈಮೇಲೆ ಒಂದು ಎಲೆ ಇಲ್ಲ. ಬೆನ್ನು ಉಜ್ಜಿದರೆ ಚರ್ಮ ಕಿತ್ತುಬರುವ ತೊಗಟೆ. ಗಟ್ಟಿ ಅಂತೆ! ಗಟ್ಟಿತನ ಮೇಯೋಕೆ ಬರುತ್ತಾ? ಆ ಹುಲ್ಲು ನೋಡು. ರೇಷ್ಮೆ! ಗಾಳಿ ಬಂದರೆ ಬಾಗುತ್ತೆ, ಮರಿ ಮಲಗಿದರೆ ಹಾಸಿಗೆಯಾಗುತ್ತೆ. ಒಳಗೆ ಹೊಕ್ಕರೆ ಯಾವ ಚಿರತೆಗೂ ಕಾಣೋದಿಲ್ಲ."

ಅಜ್ಜಿ ಮೇಲಿಂದ ಹೇಳಿದಳು: "ಹುಲ್ಲು ಚೆನ್ನಾಗಿದೆ, ಇಲ್ಲ ಅನ್ನೋದಿಲ್ಲ. ಆದರೆ ಎಳಚಿ, ಅದರೊಳಗೆ ಹೊಕ್ಕರೆ ಚಿರತೆಗೆ ನೀವು ಕಾಣೋದಿಲ್ಲ, ನಿಮಗೂ ಚಿರತೆ ಕಾಣೋದಿಲ್ಲ. ನಾನೂ ಕಾಣೋದಿಲ್ಲ."

ನರಿ ನಕ್ಕಿತು. "ಅಜ್ಜಿಗೆ ಒಣ ಎಲೆ ಬಿದ್ದರೂ ಚಿರತೆಯೇ! ಪಾಪ, ವಯಸ್ಸು."

ಎಳಚಿ ಮರಿಯನ್ನು ನೋಡಿದಳು. ಅದು ಬಿಸಿಲಿಗೆ ಬಾಯಿ ತೆರೆದು ನಿಂತಿತ್ತು. "ಅಜ್ಜೀ, ನಿನ್ನದು ಇನ್ನೂ ನಮ್ಮವ್ವನ ಕಾಲ," ಎಂದಳು. "ಆಗ ಈ ಹುಲ್ಲು ಇರಲಿಲ್ಲ."

ಹಿಂಡು ಹಳ್ಳ ದಾಟಿ ಹುಲ್ಲಿನೊಳಗೆ ಹೋಯಿತು.

ಕೆಲವು ದಿನ ಏನೂ ಆಗಲಿಲ್ಲ. ನರಿ ಅವಸರದ ಪ್ರಾಣಿಯಲ್ಲ. ಜಿಂಕೆಗಳು ಮೈಮರೆಯುವವರೆಗೆ ಕಾಯಿತು. ಇತ್ತ ಮರದ ಮೇಲೆ ಎಳೆಯ ಮುಸುವಗಳು ಕೀಟಲೆ ಮಾಡಿದವು. "ಅಜ್ಜೀ, ಕೆಳಗೆ ಯಾರೂ ಇಲ್ಲವಲ್ಲ! ಯಾರನ್ನು ಕಾಯ್ತಿದ್ದೀ? ಇರುವೆಗಳನ್ನಾ?"

"ಕಣ್ಣಿಗೆ ರೂಢಿಯಾಗಿದೆ ಮಕ್ಕಳೇ," ಎಂದಳು ಅಜ್ಜಿ. ಮುಖವನ್ನು ಮಾತ್ರ ಹುಲ್ಲಿನ ಕಡೆಯಿಂದ ತಿರುಗಿಸಲಿಲ್ಲ.

ಒಂದು ಬೆಳಿಗ್ಗೆ ಗಾಳಿ ಪಡುವಣದಿಂದ ಬೀಸುತ್ತಿತ್ತು. ಬೆಳ್ಳಿ ಕುಚ್ಚುಗಳೆಲ್ಲ ಮೂಡಣಕ್ಕೆ ಬಾಗಿದ್ದವು. ಬರಿಯ ಕೊಂಬೆಗಳ ನಡುವಿನಿಂದ ಅಜ್ಜಿಗೆ ಇಡೀ ಬಯಲು ಕಾಣುತ್ತಿತ್ತು. ನಡುವೆ ಎಳಚಿಯ ಮರಿ. ಅದರಿಂದ ಅನತಿ ದೂರದಲ್ಲಿ, ಮೂಡಣ ದಿಕ್ಕಿಗೆ, ಹೊಟ್ಟೆ ನೆಲಕ್ಕೊತ್ತಿ ಹೊಂಚಿದ್ದ ನರಿ. ಅದರ ಹಿಂದೆ ಒಂದು ಕಡೆ ಕುಚ್ಚುಗಳು ಗಾಳಿಗೆ ಎದುರಾಗಿ ಅಲುಗಿದವು. ಅಜ್ಜಿ ಉಸಿರು ಹಿಡಿದು ನೋಡಿದಳು. ಹುಲ್ಲಿನ ಸಂದಿನಲ್ಲಿ ಹಳದಿ ಮೈ, ಕಪ್ಪು ಮಚ್ಚೆ. ಚಿರತೆ!

"ಖಕ್ಕ್! ಖಕ್ಕ್!"

ಜಿಂಕೆಗಳು ಬೆಚ್ಚಿದವು. ತಲೆಯೆತ್ತಿದವು. ಹುಲ್ಲಿನ ಗೋಡೆಯ ಹೊರತು ಏನೂ ಕಾಣಲಿಲ್ಲ. "ಯಾವ ಕಡೆ? ಅಜ್ಜೀ, ಯಾವ ಕಡೆ?" ಎನ್ನುತ್ತ ಎಳಚಿ ಸುತ್ತಿದಲ್ಲೇ ಸುತ್ತಿದಳು. ದಿಕ್ಕು ತಪ್ಪಿದ ಮರಿ ನರಿಯ ಕಡೆಗೇ ಹೆಜ್ಜೆ ಇಟ್ಟಿತು.

ತಾನು ಕೂತ ಕೊಂಬೆ ಜಿಂಕೆಗಳ ಕಣ್ಣಿಗೆ ಕುಚ್ಚುಗಳ ಮರೆಯಲ್ಲಿದೆ ಎಂದು ಅಜ್ಜಿಗೆ ಹೊಳೆಯಿತು. ಅವಳು ಮರದ ತುದಿಗೆ ಹತ್ತತೊಡಗಿದಳು. ಹತ್ತದೆ ವರ್ಷಗಳಾಗಿದ್ದವು. ಒಂದೊಂದೇ ಕೊಂಬೆ ಹಿಡಿದು ಮೇಲೇರಿದಳು.

"ಬೇಡಜ್ಜೀ! ಬೀಳ್ತೀ!" ಎಂದು ಎಳೆಯ ಮುಸುವಗಳು ಕಿರುಚಿದವು.

ತುದಿಯ ಕೊಂಬೆ ಹೆಬ್ಬೆರಳಿನಷ್ಟೇ ದಪ್ಪ. ಅಜ್ಜಿಯ ಭಾರಕ್ಕೆ ಅದು ಬಾಗಿತು. ಮುರಿಯಲಿಲ್ಲ. ಅಜ್ಜಿ ಅದನ್ನು ತಬ್ಬಿ ಹಿಡಿದು, ಮೂಡಣಕ್ಕೆ ಮುಖ ಮಾಡಿ, ಎದೆ ಬಿರಿಯುವಂತೆ ಕೂಗಿದಳು. ಎಳಚಿ ಮತ್ತೊಮ್ಮೆ ತಲೆಯೆತ್ತಿದಳು. ಕುಚ್ಚುಗಳ ಮೇಲೆ, ಎಲೆಯಿಲ್ಲದ ಮರದ ನೆತ್ತಿಯಲ್ಲಿ, ಆ ಕರಿ ಮುಖ ನಿಚ್ಚಳವಾಗಿ ಕಂಡಿತು.

"ಮೂಡಣ! ಪಡುವಣಕ್ಕೆ ಓಡಿ! ಮಗಾ, ಈ ಕಡೆ!" ಎಂದಳು ಎಳಚಿ. ತಾಯಿಯ ದನಿ ಹಿಡಿದು ಮರಿ ತಿರುಗಿತು. ಹಿಂಡು ಒಂದೇ ನೆಗೆತಕ್ಕೆ ಹಳ್ಳ ದಾಟಿತು.

ನರಿಯೂ ಕೂಗು ಕೇಳಿತ್ತು. "ಮುದುಕಿ ನನ್ನನ್ನು ಕಂಡಳು," ಎಂದುಕೊಂಡು ಇನ್ನಷ್ಟು ತಗ್ಗಿ ಮಲಗಿತು.

ಅಜ್ಜಿಗೆ ಅದೂ ಕಂಡಿತು. ನರಿಯಾದರೂ ಅದೂ ಒಂದು ಜೀವ. "ಏ ನರೀ, ಏಳು!" ಎಂದು ಕೂಗಿದಳು. "ಚಿರತೆ ನಿನ್ನ ಬೆನ್ನ ಹಿಂದೆಯೇ ಇದೆ! ಓಡು!"

ನರಿ ಮೀಸೆಯಲ್ಲೇ ನಕ್ಕಿತು. "ನಾನು ಎದ್ದು ಎಲ್ಲರಿಗೂ ಕಾಣಲಿ ಎಂಬ ಉಪಾಯ. ನನಗೇ ಈ ಆಟವಾ, ಮುದುಕೀ?" ಅದು ಅಲುಗಲಿಲ್ಲ. ಹಿಂದೆ ತಿರುಗಿಯೂ ನೋಡಲಿಲ್ಲ.

ಕುಚ್ಚುಗಳು ಒಮ್ಮೆ ಜೋರಾಗಿ ಅಲ್ಲಾಡಿದವು. ಆಮೇಲೆ ಮತ್ತೆ ಮೂಡಣಕ್ಕೆ ಬಾಗಿ ನಿಂತವು.

ಎಳೆಯ ಮುಸುವಗಳು ಸಿಟ್ಟಿಗೆದ್ದವು. "ಆ ಹುಲ್ಲನ್ನು ಬುಡಸಮೇತ ಕಿತ್ತು ಹಾಕೋಣ ಅಜ್ಜೀ!"

"ಹುಲ್ಲು ಯಾರನ್ನೂ ಕರೆಯಲಿಲ್ಲ," ಎಂದಳು ಅಜ್ಜಿ, ನಿಧಾನವಾಗಿ ಇಳಿಯುತ್ತ. "ಕರೆದದ್ದು ನರಿ. ಹುಲ್ಲಿಗೆ ಹೊಸ ಗರಿ ಬಂದಾಗ ಜಿಂಕೆಗಳು ಅಂಚಿನಲ್ಲಿ ನಿಂತು ಮೇಯಲಿ. ಮರ ಕಾಣುವಷ್ಟು ದೂರದಲ್ಲಿ."

ಎಳಚಿ ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ಅಜ್ಜಿಯ ಕಡೆ ಮುಖವೆತ್ತಿ ಕೇಳಿದಳು: "ಅಜ್ಜೀ, ನೀನೂ ನಮ್ಮವ್ವನೂ ದಿನವಿಡೀ ಏನು ಮಾತಾಡ್ತಿದ್ರಿ?"

"ಹೆಚ್ಚೇನಿಲ್ಲ ಮಗಾ. ನಾನು ಮೇಲಿಂದ ಕಂಡದ್ದನ್ನು ಹೇಳ್ತಿದ್ದೆ. ಅವಳು ಕೆಳಗಿಂದ ಮೂಸಿದ್ದನ್ನು ಹೇಳ್ತಿದ್ದಳು. ಅಷ್ಟರಲ್ಲೇ ನಮ್ಮ ಆಯುಸ್ಸು ಕಳೀತು."

ಮರಿ ಮೂಗು ಮೇಲೆತ್ತಿ ಗಾಳಿಯನ್ನು ಮೂಸುತ್ತಿತ್ತು.

"ಅಜ್ಜೀ," ಎಂದಿತು, "ನನಗೆ ಒದ್ದೆ ಮಣ್ಣಿನ ವಾಸನೆ ಬರ್ತಿದೆ."

ಅಜ್ಜಿ ಕೊಂಬೆಯ ಮೇಲೆ ಪಡುವಣಕ್ಕೆ ತಿರುಗಿ ಕೂತಳು. ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡಿದಳು.

"ಹೌದು ಪುಟ್ಟಾ," ಎಂದಳು. "ಮೋಡ ಕಟ್ತಿದೆ."

ನೀತಿ: ಆಸರೆಯನ್ನು ಅದರ ಚೆಲುವಿನಿಂದ ಅಳೆಯಬಾರದು, ಕಷ್ಟದಲ್ಲಿ ಒದಗುವ ಗುಣದಿಂದ ಅಳೆಯಬೇಕು, ಮೋಸವನ್ನೇ ನೆಚ್ಚಿ ಬಾಳುವವನಿಗೆ ಹಿತವಾದ ನಿಜವೂ ಮೋಸವಾಗಿಯೇ ಕೇಳಿಸುತ್ತದೆ.