ಹುಬ್ಬುಗಳ ನಡುವೆ

“ವಾರಕ್ಕೆ ಒಂದು ಪೀರಿಯಡ್ಡು, ವರ್ಷಕ್ಕೆ ನಲವತ್ತು. ಇಷ್ಟರಲ್ಲಿ ಮಕ್ಕಳಿಗೆ ನಾನು ಕೊಟ್ಟದ್ದೇನು, ಗುರುಗಳೇ?” ಎಂದು ಶಿಷ್ಯ ಕೇಳಿದ.

ಅವನು ಒಂದು ಶಾಲೆಯಲ್ಲಿ ವ್ಯಕ್ತಿತ್ವ ವಿಕಸನದ ಪಾಠ ಹೇಳುತ್ತಿದ್ದ. ನೆಟ್ಟಗೆ ನಿಲ್ಲಬೇಕು, ನಗುನಗುತ್ತಾ ಮಾತಾಡಬೇಕು, ದನಿ ನಡುಗಬಾರದು, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಪಾಠ ಇಷ್ಟೇ. ಇದರಿಂದ ಬಂದದ್ದೇನು ಎಂದು ಹೆಡ್‌ಮಾಸ್ತರರು ಮರುದಿನ ಕೇಳುವವರಿದ್ದರು. ಉತ್ತರ ಒಪ್ಪಿಗೆಯಾಗದಿದ್ದರೆ ಆ ಪೀರಿಯಡ್ಡು ಗಣಿತಕ್ಕೆ ಹೋಗುತ್ತಿತ್ತು. ಅದರ ಜೊತೆಗೆ ಅವನ ಕೆಲಸವೂ ಹೋಗುತ್ತಿತ್ತು. ಗುರು ಕೂರು ಎಂದರೆ ಕೂರುತ್ತಿದ್ದ, ಕೂತ ಮರುಗಳಿಗೆಗೇ ಏಳುತ್ತಿದ್ದ.

ಗುರು ಹೇಳಿದರು:

ಒಬ್ಬ ಬೀಜದ ವ್ಯಾಪಾರಿ ಇದ್ದ. ಅವನ ಗೋದಾಮಿನಲ್ಲಿ ಇನ್ನೂರು ಚೀಲ ಬಿತ್ತನೆ ಶೇಂಗಾ ಇತ್ತು. ಗೋಡೆಯಲ್ಲಿ ನೀರು ಜಿನುಗಿ ಸರಕಿಗೆ ತೇವ ತಾಗಿತ್ತು. ಮೇಲಿಂದ ನೋಡಿದರೆ ಕಾಳು ಚೆನ್ನಾಗಿಯೇ ಇದ್ದವು. ಒಳಗೆ ಜೀವ ಇದೆಯೋ ಇಲ್ಲವೋ ತಿಳಿಯಬೇಕಾದರೆ ನೂರು ಕಾಳನ್ನು ಹಸಿ ಗೋಣಿಯಲ್ಲಿ ಸುತ್ತಿಟ್ಟು ಐದು ದಿನ ಕಾಯಬೇಕು. ಅಷ್ಟರಲ್ಲಿ ಮಳೆ ಬಿತ್ತು. ಬಿತ್ತನೆ ಎಂಟು ದಿನದ ಆಟ. ಎದುರಂಗಡಿಯ ಮುಂದೆ ಗಾಡಿಗಳು ನಿಲ್ಲತೊಡಗಿದವು.

ವ್ಯಾಪಾರಿಗೆ ಒಬ್ಬಳು ಮಗಳು. ಅವಳು ಶಾಲೆಯಲ್ಲಿ ನೀನು ಹೇಳುವಂಥದೇ ಪಾಠ ಕಲಿತಿದ್ದಳು. ಮೊದಲು ಯಾರ ಕಣ್ಣನ್ನೂ ನೋಡಲು ಹೆದರುತ್ತಿದ್ದಳು. ಮಾಸ್ತರರು ಅವಳಿಗೊಂದು ಉಪಾಯ ಹೇಳಿಕೊಟ್ಟಿದ್ದರು: “ಎರಡು ಹುಬ್ಬುಗಳ ನಡುವೆ ನೋಡು. ಕಣ್ಣು ನೋಡುತ್ತಿದ್ದೀಯೆಂದೇ ಎದುರಿನವರು ತಿಳಿಯುತ್ತಾರೆ.” ಅಂದಿನಿಂದ ಅವಳ ಹೆದರಿಕೆ ಹೋಗಿತ್ತು. ಬಹುಮಾನವೂ ಬಂದಿತ್ತು.

ವ್ಯಾಪಾರಿ ಗೋಣಿ ನೆನೆಸಲಿಲ್ಲ. ಮಗಳನ್ನು ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲಿಸಿ, “ಸರಕಿನ ಸಂಗತಿ ನಿನಗೆ ಗೊತ್ತಿದೆ. ಕೇಳಿದವರಿಗೆ ಮೊಳಕೆ ಬರುತ್ತದೆ ಅನ್ನು. ಅಷ್ಟೇ” ಎಂದ.

ಅವಳು ನೆಟ್ಟಗೆ ನಿಂತಳು, ನಕ್ಕಳು. ದನಿ ನಡುಗಲಿಲ್ಲ. ಮಧ್ಯಾಹ್ನದೊಳಗೆ ಮೂವತ್ತು ಚೀಲ ಹೋದವು.

ಆಮೇಲೆ ಒಬ್ಬ ರೈತ ಹೆಂಗಸು ಬಂದಳು. ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿ, “ಮೊಳಕೆ ಬರ್ತದೇನವ್ವಾ?” ಎಂದಳು.

“ಬರ್ತದೆ ಅಕ್ಕಾ, ನೂರಕ್ಕೆ ನೂರು.”

“ಅಲ್ಲೇನು ನೋಡ್ತೀ? ನನ್ನ ಹಣೆಬರಹ ಓದ್ತಾ ಇದ್ದೀಯೇನು? ಅದು ನಂಗೆ ಗೊತ್ತೈತಿ. ಕಣ್ಣು ನೋಡಿ ಹೇಳು.”

ಅಂಗಡಿಯಲ್ಲಿದ್ದವರು ನಕ್ಕರು. ಹುಡುಗಿ ನೋಟವನ್ನು ಒಂದಿಷ್ಟು ಕೆಳಗೆ, ಆಕೆಯ ಕಣ್ಣಿಗೆ ಇಳಿಸಿದಳು. ಅಲ್ಲಿ ಒಂದು ಜೀವ ಅವಳನ್ನೇ ನೋಡುತ್ತಿತ್ತು. ಕಲಿತ ಮಾತು ನಾಲಿಗೆಯ ಮೇಲೇ ಇತ್ತು, ಹೊರಗೆ ಬರಲಿಲ್ಲ.

“ಗೊತ್ತಿಲ್ಲ ಅಕ್ಕಾ. ಕಾಳಿಗೆ ತೇವ ತಾಗೈತಿ” ಎಂದಳು. ಎಲ್ಲರ ಎದುರಿಗೇ ನೂರು ಕಾಳು ಎಣಿಸಿ, ಹಸಿ ಗೋಣಿಯಲ್ಲಿ ಸುತ್ತಿಟ್ಟಳು.

“ಬಾಯಿ ಮುಚ್ಚೋದೊಂದನ್ನು ಕಲಿಸಲಿಲ್ಲವೇ ಆ ಶಾಲೆಯಲ್ಲಿ?” ಎಂದು ತಂದೆ ಕೂಗಾಡಿದ.

ಐದು ದಿನ ಅವನಿಗೆ ಊಟ ಸೇರಲಿಲ್ಲ. ಅಂಗಡಿಯಿಂದ ಗೋದಾಮಿಗೆ, ಗೋದಾಮಿನಿಂದ ಅಂಗಡಿಗೆ ತಿರುಗಿದ. ಗೋಣಿಯ ಅಂಚು ಎತ್ತಿ ನೋಡುವನು, ಮತ್ತೆ ಮುಚ್ಚುವನು. ಎದುರಂಗಡಿಯಿಂದ ಹೊರಟ ಒಂದೊಂದು ಗಾಡಿಯೂ ತನ್ನ ಎದೆಯ ಮೇಲೆ ಹಾದುಹೋದ ಹಾಗೆ ಅವನಿಗೆ ಅನಿಸುತ್ತಿತ್ತು. ಹುಡುಗಿ ಅಂದು ಬೆಳಗ್ಗೆ ಬೀಜ ಒಯ್ದಿದ್ದವರ ಮನೆಮನೆಗೆ ಹೋಗಿ ಸಂಗತಿ ಹೇಳಿ ಬಂದಳು. ಇಪ್ಪತ್ತಾರು ಚೀಲ ಮರಳಿ ಬಂದವು. ನಾಲ್ಕು ಚೀಲದ ಬೀಜ ಆಗಲೇ ಮಣ್ಣು ಸೇರಿತ್ತು. ಬಿತ್ತಿದವರಿಗೆ ಕೊಡಲು ವ್ಯಾಪಾರಿ ಎದುರಂಗಡಿಯವನಿಂದಲೇ ನಾಲ್ಕು ಚೀಲ ಕೊಂಡ, ಅವನು ಹೇಳಿದ ಬೆಲೆಗೆ.

ಐದನೆಯ ದಿನ ಗೋಣಿ ಬಿಚ್ಚಿದರು. ನೂರರಲ್ಲಿ ನಲವತ್ತೊಂದು ಮೊಳೆತಿದ್ದವು. ಉಳಿದ ಸರಕೆಲ್ಲ ಎಣ್ಣೆಯ ಗಾಣಕ್ಕೆ ಹೋಯಿತು.

ಗುರು ಕತೆಯನ್ನು ಅಲ್ಲಿಗೆ ಮುಗಿಸಿದರು.

“ಮರುವರ್ಷ ಜನರೆಲ್ಲ ಅವನ ಅಂಗಡಿಗೇ ಬಂದಿರಬೇಕು” ಎಂದ ಶಿಷ್ಯ.

“ಬಂದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆ ವರ್ಷ ಸರಕು ಹೋಯಿತು, ಹಂಗಾಮು ಹೋಯಿತು, ಹುಡುಗಿಗೆ ಕಣ್ಣು ನೋಡುವುದು ಬಂತು.”

ಶಿಷ್ಯನ ಮುಖ ಅರಳಿತು. “ಹಾಗಾದರೆ ಚಿಂತೆಯಿಲ್ಲ. ನನ್ನ ಮಕ್ಕಳಿಗೆ ಅದು ಆಗಲೇ ಬಂದಿದೆ, ಗುರುಗಳೇ. ಒಬ್ಬರೂ ಬಾಕಿಯಿಲ್ಲ. ನಾಳೆ ಹೆಡ್‌ಮಾಸ್ತರರಿಗೆ ಹಾಗೆಯೇ ಹೇಳುತ್ತೇನೆ.”

ಗುರು ಹೇಳಿದರು: “ಈ ಮಾತನ್ನು ನೀನು ನನ್ನ ಹಣೆ ನೋಡಿ ಹೇಳಿದೆ.”